ಹಿಮ ತೆಗೆಯುವವರ ಮಾತು ಕೇಳಲು ಸ್ಕ್ಯಾನರ್ ಹೊಂದಿಸಿದ್ದು

ನಮ್ಮ ಮನೆಯವರಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಕೆಲಸ ಮುಗಿಸಿ ಮಿನಿಯಾಪೊಲಿಸ್ ಊರೊಳಗಿಂದ ಪ್ಲಿಮತ್‌ಗೆ ಹೈವೇ 55ರಲ್ಲಿ ಬರಬೇಕು. ಬೇಸಿಗೆಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷದ ದಾರಿ. ಹಿಮ ಬಿದ್ದ ದಿನ ಲೆಕ್ಕವೇ ಇಲ್ಲ. ಗಾಡಿ ಓಡಿಸುವವರಿಗೆ ಫೋನ್ ಮಾಡಲು ಮನಸ್ಸು ಬರುವುದಿಲ್ಲ, ಮಾಡದೆ ಇರಲೂ ಆಗುವುದಿಲ್ಲ. ಮಿನ್ನೆಸೋಟದಲ್ಲಿ ಮನೆ ಮಾಡಿದ ಯಾರಿಗಾದರೂ ಈ ಸಂಕಟ ಗೊತ್ತಿರುತ್ತದೆ. ರಸ್ತೆಗಳ ಸ್ಥಿತಿ ತಿಳಿಸುವ 511 ಆ್ಯಪ್ ತೆಗೆದರೆ ರಸ್ತೆಗಳ ಮೇಲೆ ಬಣ್ಣ ಬಳಿದು ತೋರಿಸುತ್ತದೆ. ಅದು ಒಳ್ಳೆಯದೇ. ಆದರೆ ಹಿಮ ತಳ್ಳುವ ಪ್ಲೋ ಗಾಡಿ ಮುಂದೆ ಯಾವ ಕಡೆ ಹೊರಡುತ್ತದೆ, ಹಿಮ ಕರಗಲು ಉಪ್ಪು ಹಾಕಿ ಎಷ್ಟು ಹೊತ್ತಾಯಿತು, ಆ ಇಳಿಜಾರಿನಲ್ಲಿ ಯಾರಾದರೂ ಸಿಕ್ಕಿಕೊಂಡಿದ್ದಾರಾ, ಇದೆಲ್ಲ ಗೊತ್ತಿರುವುದು ಆ ಗಾಡಿ ಓಡಿಸುವವರಿಗೆ. ಅವರು ಅದನ್ನು ರೇಡಿಯೋದಲ್ಲಿ ಮಾತಾಡಿಕೊಳ್ಳುತ್ತಾರೆ.

ಇದನ್ನು ನನಗೆ ಹೇಳಿದ್ದು ಪಕ್ಕದ ಮನೆಯ ಅಜ್ಜ. ಹಿಂದೆ ಊರಿನ ಅಗ್ನಿಶಾಮಕ ದಳದಲ್ಲಿ ಸ್ವಯಂಸೇವಕರಾಗಿದ್ದವರು. ಅವರ ಅಡುಗೆಮನೆಯಲ್ಲಿ ಒಂದು ಸ್ಕ್ಯಾನರ್, ಅಂದರೆ ಇಂಥ ರೇಡಿಯೋ ಮಾತುಗಳನ್ನು ಹುಡುಕಿ ಕೇಳಿಸುವ ಪೆಟ್ಟಿಗೆ, ಸದಾ ಸಣ್ಣಗೆ ಮಾತಾಡುತ್ತಿರುತ್ತದೆ. ನಮ್ಮ ಊರುಗಳಲ್ಲಿ ಬೆಳಿಗ್ಗೆ ಆಕಾಶವಾಣಿ ಹಾಕಿಟ್ಟು ಕೆಲಸ ಮಾಡಿಕೊಳ್ಳುತ್ತಿದ್ದರಲ್ಲ, ಹಾಗೆ.

ನಾನು ಮೊದಲು ತಂದದ್ದು ಸೆಕೆಂಡ್ ಹ್ಯಾಂಡ್ ಅನಲಾಗ್ ಸ್ಕ್ಯಾನರ್. ನಮ್ಮ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಫ್ರೀಕ್ವೆನ್ಸಿಗಳನ್ನು ರೇಡಿಯೋರೆಫರೆನ್ಸ್ ಅನ್ನುವ ವೆಬ್‌ಸೈಟಿನ ಡೇಟಾಬೇಸಿನಲ್ಲಿ ನೋಡಿ ಒಂದೊಂದಾಗಿ ಒತ್ತಿದೆ. 851 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ ಹತ್ತಾರು. ಎಲ್ಲ ಒತ್ತಿ ಸ್ಕ್ಯಾನ್ ಬಟನ್ ಅದುಮಿದರೆ ಸೆಟ್ ಒಂದೇ ಕಡೆ ನಿಂತುಬಿಟ್ಟಿತು. ಅಲ್ಲಿಂದ ಬರುತ್ತಿದ್ದದ್ದು ಮಾತಲ್ಲ. ಮಳೆಗಾಲದ ರಾತ್ರಿ ಮಲೆನಾಡಿನಲ್ಲಿ ಜೀರುಂಡೆ ಕೂಗುತ್ತದಲ್ಲ, ಅದನ್ನು ಇನ್ನೂ ಒರಟಾಗಿ ಮಾಡಿದಂಥ ಸದ್ದು. ಬಿಡುವಿಲ್ಲ, ಉಸಿರಿಲ್ಲ. ಆ ಫ್ರೀಕ್ವೆನ್ಸಿ ಕೆಟ್ಟಿದೆ ಅಂದುಕೊಂಡು ಅದನ್ನು ತೆಗೆದುಹಾಕಿದೆ. ಉಳಿದವುಗಳಲ್ಲಿ ಆಗಾಗ ಕರಕರ ಅನ್ನುವ ಡಿಜಿಟಲ್ ಸದ್ದು ಬರುತ್ತಿತ್ತು, ಅಷ್ಟೇ. ನಾನು ತೆಗೆದುಹಾಕಿದ್ದೇ ಎಲ್ಲಕ್ಕಿಂತ ಮುಖ್ಯವಾದದ್ದು ಅಂತ ತಿಳಿಯಲು ಎರಡು ವಾರ ಬೇಕಾಯಿತು.

ಆ ಚಳಿಗಾಲಕ್ಕೆ ಅಪ್ಪ ಬಂದಿದ್ದರು. ಎಲ್ಲರ ಅಪ್ಪ ಅಮ್ಮ ಬೇಸಿಗೆಗೆ ಬಂದರೆ ನಮ್ಮಪ್ಪ ಹಿಮ ನೋಡಲೇಬೇಕು ಅಂತ ನವೆಂಬರಿನಲ್ಲಿ ಬಂದರು. ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು, ಅರಸೀಕೆರೆ ಕಡೆಯ ಸಣ್ಣ ಸಣ್ಣ ಸ್ಟೇಷನ್ನುಗಳಲ್ಲೇ ಜಾಸ್ತಿ ವರ್ಷ ಕಳೆದವರು. ತೆಗೆದ ಫ್ರೀಕ್ವೆನ್ಸಿಯನ್ನು ನಾನು ಮತ್ತೆ ಹಾಕಿದಾಗ ಆ ಜೀರುಂಡೆ ಸದ್ದು ಕೇಳಿ ಹತ್ತಿರ ಬಂದರು.

"ಏನಮ್ಮ ಅದು, ಒಂದೇ ಸಮ ಕೊರೀತಾ ಇದೆ?"

ಅಷ್ಟು ಹೊತ್ತಿಗೆ ನಾನು ಓದಿ ಸ್ವಲ್ಪ ತಿಳಿದುಕೊಂಡಿದ್ದೆ. ಹಳೆಯ ಕಾಲದಲ್ಲಿ ಪೊಲೀಸರಿಗೆ ಒಂದು ಫ್ರೀಕ್ವೆನ್ಸಿ, ಫೈರ್‌ನವರಿಗೆ ಒಂದು, ರಸ್ತೆಯವರಿಗೆ ಒಂದು. ಯಾರೂ ಮಾತಾಡದೆ ಇದ್ದಾಗ ಅದು ಖಾಲಿ ಬಿದ್ದಿರುತ್ತದೆ. ಪಕ್ಕದವರಿಗೆ ಅವಸರವಾದರೂ ಅದನ್ನು ಮುಟ್ಟುವ ಹಾಗಿಲ್ಲ. ಈಗಿನ ಟ್ರಂಕ್ ಅನ್ನುವ ಪದ್ಧತಿಯಲ್ಲಿ ಹಾಗಲ್ಲ. ಹತ್ತು ಹದಿನೈದು ಚಾನೆಲ್ ಎಲ್ಲರಿಗೂ ಸೇರಿದ್ದು. ಒಬ್ಬರು ಬಟನ್ ಒತ್ತಿದ ಕೂಡಲೇ ಅವರ ರೇಡಿಯೋ, ಮಾತಿಗಲ್ಲದೆ ಈ ಹಂಚಿಕೆಗೇ ಇಟ್ಟ ಕಂಟ್ರೋಲ್ ಚಾನೆಲ್ಲಿಗೆ ಒಂದು ಕೋರಿಕೆ ಕಳಿಸುತ್ತದೆ. ಅಲ್ಲಿನ ಕಂಪ್ಯೂಟರು ಖಾಲಿ ಇರುವ ಚಾನೆಲ್ ಒಂದನ್ನು ಆ ಗುಂಪಿಗೆ ಕೊಡುತ್ತದೆ. ಆ ಗುಂಪಿನ ರೇಡಿಯೋಗಳೆಲ್ಲ ತಾವಾಗಿಯೇ ಅಲ್ಲಿಗೆ ಹೋಗುತ್ತವೆ. ಮಾತು ಮುಗಿದ ಮೇಲೆ ಆ ಚಾನೆಲ್ ಮತ್ತೆ ಎಲ್ಲರದ್ದು. ಮುಂದಿನ ಸಲ ಅದೇ ಮನುಷ್ಯ ಬಟನ್ ಒತ್ತಿದರೆ ಬೇರೆ ಚಾನೆಲ್ ಸಿಗಬಹುದು. ಇದೆಲ್ಲ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಆಗುತ್ತದೆ. ಆ ಕೊರೆಯುವ ಸದ್ದೇ ಕಂಟ್ರೋಲ್ ಚಾನೆಲ್.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. "ಅಂದ್ರೆ ಸ್ಟೇಷನ್ನಲ್ಲಿ ನಾಲ್ಕು ಲೈನಿದೆ. ಗಾಡಿ ನಲವತ್ತಿದೆ. ಮೈಸೂರು ಗಾಡಿಗೇ ಅಂತ ಒಂದು ಲೈನ್ ಬರೆದಿಟ್ಟಿಲ್ಲ. ಯಾವ ಗಾಡಿ ಬಂತೋ, ಯಾವ ಲೈನ್ ಖಾಲಿ ಇದೆಯೋ, ಅಲ್ಲಿಗೆ ಹಾಕ್ತಾನೆ ಸ್ಟೇಷನ್ ಮಾಸ್ಟರ್. ಟೋಕನ್ ಕೈಗೆ ಬರದೆ ಡ್ರೈವರ್ ಗಾಡಿ ಬಿಡೋ ಹಾಗಿಲ್ಲ. ಇಷ್ಟೇ ತಾನೆ?"

ಇಷ್ಟೇ. ನಾನು ಎರಡು ವಾರದಲ್ಲಿ ಓದಿದ ಯಾವ ವಿವರಣೆಯೂ ಇದಕ್ಕಿಂತ ಚೆನ್ನಾಗಿರಲಿಲ್ಲ. ಚಿಕ್ಕವಳಿದ್ದಾಗ ಅಪ್ಪನ ಸ್ಟೇಷನ್ನಿನಲ್ಲಿ ಆ ಟೋಕನ್ ನೋಡಿದ್ದೆ. ಕೈಯಲ್ಲಿ ಹಿಡಿದರೆ ಭಾರ ಅನ್ನಿಸುವ ಉಕ್ಕಿನ ಗುಂಡು. ಬೆತ್ತದ ಬಳೆಗೆ ಕಟ್ಟಿದ ಚರ್ಮದ ಚೀಲದಲ್ಲಿ ಹಾಕಿ, ಓಡುವ ಇಂಜಿನ್ನಿಗೆ ಎತ್ತಿ ಹಿಡಿಯುತ್ತಿದ್ದರು. ಡ್ರೈವರ್ ತೋಳು ಚಾಚಿ ಅದನ್ನು ತೆಗೆದುಕೊಳ್ಳುತ್ತಿದ್ದ. ಕಂಟ್ರೋಲ್ ಚಾನೆಲ್ ಅಂದಾಗಲೆಲ್ಲ ನನಗೆ ಈಗಲೂ ಆ ಬೆತ್ತದ ಬಳೆಯೇ ಕಣ್ಣಿಗೆ ಬರುತ್ತದೆ.

ಇದು ತಲೆಗೆ ಹೋದ ಮೇಲೆ ಸ್ಕ್ಯಾನರ್ ಹೊಂದಿಸುವ ಕೆಲಸದ ಅರ್ಥವೇ ಬದಲಾಯಿತು. ಫ್ರೀಕ್ವೆನ್ಸಿ ತುಂಬುವುದಲ್ಲ ಕೆಲಸ. ಯಾವ ಸ್ಟೇಷನ್ ಮಾಸ್ಟರ್ ಮಾತು ಕೇಳಬೇಕು ಮತ್ತು ಯಾವ ಯಾವ ಗಾಡಿಯ ಹಿಂದೆ ಹೋಗಬೇಕು, ಈ ಎರಡನ್ನು ಹೇಳಿಕೊಡಬೇಕು. ಮೊದಲನೆಯದು ಸೈಟ್, ಅಂದರೆ ಟವರ್. ಎರಡನೆಯದು ಟಾಕ್‌ಗ್ರೂಪ್, ಅಂದರೆ ಪ್ರತಿ ಗುಂಪಿಗೂ ಇರುವ ನಂಬರು.

ನಮ್ಮ ರಾಜ್ಯದ ವ್ಯವಸ್ಥೆಯ ಹೆಸರು ಆರ್ಮರ್. ರಾಜ್ಯದ ಉದ್ದಗಲಕ್ಕೂ 300ಕ್ಕೂ ಹೆಚ್ಚು ಟವರುಗಳಿವೆ. ಅದರ ಬೆನ್ನೆಲುಬನ್ನು ನಡೆಸುವುದು ರಾಜ್ಯದ ಸಾರಿಗೆ ಇಲಾಖೆ, ಪೊಲೀಸ್ ಇಲಾಖೆ ಅಲ್ಲ. ನನಗೆ ಇದು ತುಂಬಾ ಇಷ್ಟವಾದ ಸಂಗತಿ. ಹಿಮ ತಳ್ಳುವವರು, ಫೈರ್‌ನವರು, ಆಂಬುಲೆನ್ಸ್, ಹೈವೇ ಪೊಲೀಸರು, ಎಲ್ಲ ಅದೇ ಟವರುಗಳ ಮೇಲೆ ಮಾತಾಡುತ್ತಾರೆ. 2007ರ ಆಗಸ್ಟ್ 1ರ ಸಂಜೆ ಮಿನಿಯಾಪೊಲಿಸ್‌ನಲ್ಲಿ ಮಿಸಿಸಿಪ್ಪಿ ನದಿಯ ಮೇಲಿನ 35ಡಬ್ಲ್ಯೂ ಸೇತುವೆ ಕುಸಿಯಿತು. ಮನೆಗೆ ಹೋಗುವವರ ಗಾಡಿಗಳಿಂದ ತುಂಬಿದ್ದ ಹೊತ್ತು. 13 ಜನ ಸತ್ತರು, 145 ಜನಕ್ಕೆ ಗಾಯವಾಯಿತು. ಆ ಸಂಜೆ ಬೇರೆ ಬೇರೆ ಊರು, ಬೇರೆ ಬೇರೆ ಇಲಾಖೆಗಳಿಂದ ಓಡಿ ಬಂದವರು ಒಬ್ಬರಿಗೊಬ್ಬರು ಮಾತಾಡಲು ಸಾಧ್ಯವಾದದ್ದು ನಗರದ ಸುತ್ತಮುತ್ತ ಆಗಲೇ ಇದ್ದ ಈ 800 ಮೆಗಾಹರ್ಟ್ಸ್ ಟ್ರಂಕ್ ರೇಡಿಯೋದಿಂದ. ಹೊಸ ಸೇತುವೆ ಮೇಲೆ ಹೋಗುವಾಗ ನನಗೆ ಪ್ರತಿ ಸಲ ಅದು ನೆನಪಾಗುತ್ತದೆ.

ಸರಿ, ಅನಲಾಗ್ ಸೆಟ್ಟಿನಲ್ಲಿ ಇದು ಆಗುವ ಮಾತಲ್ಲ. ಆರ್ಮರ್ ಇರುವುದು ಪಿ25 ಅನ್ನುವ ಡಿಜಿಟಲ್ ಪದ್ಧತಿಯಲ್ಲಿ. ನೀವು ಅಮೆರಿಕದ ಯಾವುದೇ ಊರಿನಲ್ಲಿದ್ದರೂ ಸ್ಕ್ಯಾನರ್ ಕೊಳ್ಳುವ ಮೊದಲು ನಿಮ್ಮ ಕೌಂಟಿಯಲ್ಲಿ ಯಾವ ಪದ್ಧತಿ ಇದೆ ಅಂತ ನೋಡಿ. ಪಿ25 ಫೇಸ್ 1ರಲ್ಲಿ ಒಂದು ಚಾನೆಲ್ಲಿನಲ್ಲಿ ಒಂದು ಮಾತು. ಫೇಸ್ 2ರಲ್ಲಿ ಒಂದೇ ಚಾನೆಲ್ಲಿನಲ್ಲಿ ಎರಡು ಮಾತು, ಚೂರುಚೂರಾಗಿ ಸರದಿಯಲ್ಲಿ ಹೋಗುತ್ತವೆ. ಫೇಸ್ 2 ಬಿಡಿಸಲು ಬಾರದ ಸೆಟ್ ಅಲ್ಲಿ ಪೂರ್ತಿ ದಂಡ. ಇದು ಮಾತ್ರ ಕೊಂಡ ಮೇಲೆ ಸರಿಮಾಡಲು ಆಗುವುದಿಲ್ಲ.

ಎರಡನೆಯದಾಗಿ ಕೊಂಡದ್ದು ಒಂದು ಹಳೆಯ ಮಾದರಿಯ ಡಿಜಿಟಲ್ ಸ್ಕ್ಯಾನರ್. ಅದರಲ್ಲಿ ಕೀಲಿ ಒತ್ತಿ ಒತ್ತಿ ಹೊಂದಿಸಿದೆ. ಪಿ25ರಲ್ಲಿ ಒಂದು ಅನುಕೂಲ ಇದೆ. ಕಂಟ್ರೋಲ್ ಚಾನೆಲ್ ಒಂದನ್ನು ಕೊಟ್ಟರೆ ಸಾಕು, ಉಳಿದ ಚಾನೆಲ್ಲುಗಳು ಎಲ್ಲಿವೆ ಅಂತ ಅದೇ ಹೇಳಿಕೊಡುತ್ತದೆ. ಇಡಾಕ್ಸ್ ಅನ್ನುವ ಹಳೆಯ ಪದ್ಧತಿಯಲ್ಲಿ ಹಾಗಲ್ಲ, ಪ್ರತಿ ಫ್ರೀಕ್ವೆನ್ಸಿಯನ್ನೂ ಸರಿಯಾದ ಕ್ರಮಸಂಖ್ಯೆಯಲ್ಲೇ ಹಾಕಬೇಕು, ಒಂದು ಹಿಂದೆಮುಂದೆ ಆದರೂ ಯಾರದೋ ಮಾತು ಯಾರದೋ ಹೆಸರಿನಲ್ಲಿ ಬರುತ್ತದೆ. ನನಗೆ ಆ ಕಷ್ಟ ಇರಲಿಲ್ಲ. ಡೇಟಾಬೇಸಿನಲ್ಲಿ ಮುಖ್ಯ ಕಂಟ್ರೋಲ್ ಚಾನೆಲ್ ಕೆಂಪು ಬಣ್ಣದಲ್ಲಿ, ಬದಲಿಗೆ ಬಳಸುವಂಥವು ನೀಲಿಯಲ್ಲಿ ಇರುತ್ತವೆ. ನೀಲಿಯವನ್ನೂ ಹಾಕಿ, ಬಿಡಬೇಡಿ. ಮುಖ್ಯವಾದದ್ದು ರಿಪೇರಿಗೆ ನಿಂತ ದಿನ ನಿಮ್ಮ ಸೆಟ್ ಮೂಕವಾಗುವುದಿಲ್ಲ.

ಹೊಂದಿಸಿ ಆಯಿತು. ಪರದೆಯ ಮೇಲೆ ಸೈಟಿನ ಹೆಸರು ಬಂತು. ಟಾಕ್‌ಗ್ರೂಪ್ ನಂಬರು ಬಂತು. ಸಿಗ್ನಲ್ ಕಡ್ಡಿಗಳು ಪೂರ್ತಿ. ಆದರೆ ಮಾತು ಬರುವಾಗ ನೀರೊಳಗೆ ಮುಳುಗಿ ಎದ್ದು ಮಾತಾಡಿದ ಹಾಗೆ. ಅರ್ಧ ಪದ, ಗಡಗಡ, ಮತ್ತೆ ಅರ್ಧ ಪದ, ಆಮೇಲೆ ಏನೂ ಇಲ್ಲ. ಸಿಗ್ನಲ್ ಕಡಿಮೆ ಇರಬೇಕು ಅಂತ ದೊಡ್ಡ ಆಂಟೆನಾ ತಂದು ಮಹಡಿಯ ಕಿಟಕಿಗೆ ಹಾಕಿದೆ. ಇನ್ನೂ ಕೆಟ್ಟಿತು. ಸಿಗ್ನಲ್ ಜಾಸ್ತಿ ಆದಷ್ಟೂ ಮಾತು ಹಾಳು. ಅದು ನನ್ನನ್ನು ತುಂಬಾ ಕಾಡಿತು.

ಕಾರಣ ಸೈಮಲ್‌ಕಾಸ್ಟ್. ನಮ್ಮ ಹೆನ್ನೆಪಿನ್ ಕೌಂಟಿಯಲ್ಲಿ ಹಲವು ಟವರುಗಳು ಅದೇ ಫ್ರೀಕ್ವೆನ್ಸಿಯಲ್ಲಿ, ಅದೇ ಕ್ಷಣದಲ್ಲಿ, ಅದೇ ಮಾತನ್ನು ಕಳಿಸುತ್ತವೆ. ಕಮ್ಮಿ ಫ್ರೀಕ್ವೆನ್ಸಿಯಲ್ಲಿ ದೊಡ್ಡ ಜಾಗಕ್ಕೆ ಮುಟ್ಟಿಸುವ ಉಪಾಯ ಇದು. ಆದರೆ ನನ್ನ ಮನೆಯಿಂದ ಒಂದು ಟವರ್ ಹತ್ತಿರ, ಒಂದು ದೂರ. ಹತ್ತು ಕಿಲೋಮೀಟರ್ ವ್ಯತ್ಯಾಸ ಇದ್ದರೆ ಒಂದರ ಅಲೆ ಇನ್ನೊಂದಕ್ಕಿಂತ ಸುಮಾರು 33 ಮೈಕ್ರೊಸೆಕೆಂಡ್ ತಡವಾಗಿ ಬರುತ್ತದೆ. ಪಿ25ರಲ್ಲಿ ಸೆಕೆಂಡಿಗೆ 4,800 ಸಂಕೇತಗಳು, ಅಂದರೆ ಒಂದೊಂದಕ್ಕೆ 208 ಮೈಕ್ರೊಸೆಕೆಂಡ್. ಒಂದರ ಬಾಲ ಇನ್ನೊಂದರ ತಲೆಯ ಮೇಲೆ ಬೀಳುತ್ತದೆ. ಅಲೆಗಳು ಕೆಲವು ಕಡೆ ಒಂದನ್ನೊಂದು ಕೂಡುತ್ತವೆ, ಕೆಲವು ಕಡೆ ಅಳಿಸುತ್ತವೆ. ಇಲಾಖೆಯವರ ರೇಡಿಯೋಗಳನ್ನು ಇದನ್ನು ಸಹಿಸುವಂತೆಯೇ ಕಟ್ಟಿರುತ್ತಾರೆ. ಹಳೆಯ ಸ್ಕ್ಯಾನರುಗಳು ಮಾಮೂಲಿ ಎಫ್ಎಂ ರಿಸೀವರಿನ ಹಾಗೆ ಕೇಳಿಸಿಕೊಳ್ಳಲು ಹೋಗಿ ಸೋಲುತ್ತವೆ.

ಅಪ್ಪನಿಗೆ ಹೇಳಿದರೆ ತಕ್ಷಣ ಅರ್ಥವಾಯಿತು. ದೊಡ್ಡ ಪ್ಲಾಟ್‌ಫಾರ್ಮಿನಲ್ಲಿ ಉದ್ದಕ್ಕೂ ಧ್ವನಿವರ್ಧಕಗಳಿರುತ್ತವೆ. ಒಂದರ ಕೆಳಗೇ ನಿಂತರೆ ಗಾಡಿ ಎಷ್ಟು ತಡ ಅಂತ ತಿಳಿಯುತ್ತದೆ. ಎರಡರ ನಡುವೆ ನಿಂತರೆ ಗಾಡಿಯ ಹೆಸರೇ ತಿಳಿಯುವುದಿಲ್ಲ. ಜಾತ್ರೆಯ ಮೈಕುಗಳೂ ಅಷ್ಟೇ ಅಲ್ವಾ.

"ಹಾಗಾದ್ರೆ ಒಂದು ಹಾರ್ನ್ ಕೆಳಗೆ ಹೋಗಿ ನಿಂತ್ಕೋಬೇಕು" ಅಂದರು.

ಅದನ್ನೇ ಮಾಡಿದೆವು. ದೊಡ್ಡ ಆಂಟೆನಾ ತೆಗೆದು ಹಾಕಿದೆವು. ಚೋಟುದ್ದದ ಆಂಟೆನಾ ಸಿಕ್ಕಿಸಿ ಮನೆ ಪೂರ್ತಿ ಸುತ್ತಿದೆವು, ಅಪ್ಪ ಮುಂದೆ ಸ್ಕ್ಯಾನರ್ ಹಿಡಿದು, ನಾನು ಹಿಂದೆ ಪೆನ್ಸಿಲ್ ಹಿಡಿದು. ಮಹಡಿ ಎಲ್ಲ ಹಾಳು. ಹಾಲಿನಲ್ಲಿ ಅರ್ಧಂಬರ್ಧ. ಅಡುಗೆಮನೆಯ ಪಶ್ಚಿಮದ ಕಿಟಕಿ ಕೆಳಗೆ, ತೊಗರಿಬೇಳೆ ಡಬ್ಬದ ಎಡಕ್ಕೆ ಇಟ್ಟಾಗ ಮಾತು ಒಮ್ಮೆಲೇ ತಿಳಿಯಾಯಿತು. ಡಬ್ಬದ ಬಲಕ್ಕೆ ಇಟ್ಟರೆ ಹೋಯಿತು. ಒಂದು ಗೇಣು ಅಷ್ಟೇ ವ್ಯತ್ಯಾಸ. ಆ ಫ್ರೀಕ್ವೆನ್ಸಿಯಲ್ಲಿ ಒಂದು ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್, ಹಾಗಾಗಿ ಗೇಣಿನ ಲೆಕ್ಕದಲ್ಲೇ ಎಲ್ಲ ಬದಲಾಗುತ್ತದೆ. ಅಲ್ಲಿ ಕಲ್ಲಿನ ಮೇಲೆ ಪೆನ್ಸಿಲಿನಲ್ಲಿ ಒಂದು ಚೌಕ ಬರೆದೆ. ಒರೆಸುವಾಗ ಆ ಚೌಕ ಬಿಟ್ಟು ಒರೆಸುತ್ತೇನೆ, ಈಗಲೂ ಇದೆ.

ಆ ಚೌಕದಲ್ಲಿ ಒಂದು ತಿಂಗಳು ಕೇಳಿದೆವು. ಆಮೇಲೆ ಹಣ ಕೂಡಿಸಿ ಯೂನಿಡೆನ್ ಎಸ್‌ಡಿಎಸ್100 ತಂದೆ. ಇದು 2018ರಲ್ಲಿ ಬಂದ ಮಾದರಿ, ಕೈಯಲ್ಲಿ ಹಿಡಿಯುವಂಥದ್ದು. ಒಳಗೆ ಸಾಫ್ಟ್‌ವೇರ್ ರೇಡಿಯೋ ಇದೆ, ಸೈಮಲ್‌ಕಾಸ್ಟ್ ಅಲೆಗಳನ್ನು ಬಿಡಿಸುವ ಸಲುವಾಗಿಯೇ ಮಾಡಿದ್ದು. ಬೆಲೆ ಜಾಸ್ತಿ. ಸೈಮಲ್‌ಕಾಸ್ಟ್ ಇಲ್ಲದ ಊರಿನವರಿಗೆ ಇಷ್ಟು ಖರ್ಚು ಬೇಡ ಅಂತಲೇ ನಾನು ಹೇಳುವುದು. ನಮ್ಮಂಥ ಕಡೆ ಪೆಟ್ಟಿಗೆಯೇ ಬೇಕು ಅಂದರೆ ಇಂಥದ್ದೇ ಆಗಬೇಕು. ಕಂಪ್ಯೂಟರ್ ಜೊತೆ ಒದ್ದಾಡಲು ಇಷ್ಟ ಇರುವವರು ಯುಎಸ್‌ಬಿಗೆ ಸಿಕ್ಕಿಸುವ ಆರ್‌ಟಿಎಲ್-ಎಸ್‌ಡಿಆರ್ ಕಡ್ಡಿ ಒಂದೆರಡು ಕೊಂಡು ಎಸ್‌ಡಿಆರ್‌ಟ್ರಂಕ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡರೆ ಅದರ ಹತ್ತನೇ ಒಂದು ಪಾಲಿನಲ್ಲಿ ಮುಗಿಯುತ್ತದೆ, ಕೆಲಸವೂ ಚೆನ್ನಾಗಿ ಆಗುತ್ತದೆ. ನನಗೆ ಬೇಕಾಗಿದ್ದದ್ದು ಬೆಳಿಗ್ಗೆ ಆರಕ್ಕೆ ಒಲೆ ಪಕ್ಕ ಇಟ್ಟು ಕೇಳುವ ಪೆಟ್ಟಿಗೆ.

ಈ ಸೆಟ್ಟಿಗೆ ಪ್ರೋಗ್ರಾಂ ಮಾಡುವುದು ಸೆಂಟಿನೆಲ್ ಅನ್ನುವ ಸಾಫ್ಟ್‌ವೇರಿನಲ್ಲಿ. ಕೇಬಲ್ ಸಿಕ್ಕಿಸಿ ಮಾಸ್ ಸ್ಟೋರೇಜ್ ಆರಿಸಿ, ಡೇಟಾಬೇಸ್ ಅಪ್‌ಡೇಟ್, ಫರ್ಮ್‌ವೇರ್ ಅಪ್‌ಡೇಟ್. ಇದರಲ್ಲಿ ಹೇಳುವಂಥದ್ದೇನಿಲ್ಲ, ಅರ್ಧ ಗಂಟೆ.

ಮೊದಲ ದಿನ ಪಿನ್‌ಕೋಡ್ ಒತ್ತಿ ಡೇಟಾಬೇಸನ್ನೇ ಪೂರ್ತಿ ಓಡಿಸಿದೆ. ಹೊಸಬರೆಲ್ಲ ಹೀಗೇ ಮಾಡುತ್ತಾರೆ, ಪೆಟ್ಟಿಗೆಯ ಮೇಲೆ ಅದನ್ನೇ ಹೊಗಳಿರುತ್ತದೆ. ನೂರಾರು ಗುಂಪು, ಹತ್ತಾರು ಸೈಟು. ಬಸ್ಸು, ಶಾಲೆ, ಪಕ್ಕದ ಕೌಂಟಿ, ಏನೇನೋ. ಒಂದು ಮಾತಿನ ಮೊದಲ ಅರ್ಧ ಕೇಳಿದರೆ ಉತ್ತರ ಬರುವ ಹೊತ್ತಿಗೆ ಸೆಟ್ ಇನ್ನೆಲ್ಲೋ ಹೋಗಿರುತ್ತದೆ. ಸಂತೆಯಲ್ಲಿ ನಿಂತ ಹಾಗೆ.

ಆಮೇಲೆ ಕುಳಿತು ನನ್ನದೇ ಫೇವರಿಟ್ಸ್ ಲಿಸ್ಟ್ ಮಾಡಿದೆ. ಡೇಟಾಬೇಸಿನಿಂದ ಆರ್ಮರ್ ಅನ್ನು ಎಳೆದುಕೊಂಡಾಗ ರಾಜ್ಯದ ಎಲ್ಲ ಸೈಟುಗಳೂ ಅದರ ಜೊತೆ ಬಂದವು. ಇರಲಿ, ದೂರದ ಡುಲೂತ್ ಕಡೆಯ ಪ್ಲೋಗಳನ್ನೂ ಕೇಳೋಣ ಅಂತ ಬಿಟ್ಟೆ. ಅಲ್ಲೇ ತಪ್ಪಿದ್ದು. ಸೆಟ್ ಕೈಗೆ ಸಿಗದ ಟವರುಗಳನ್ನು ಒಂದೊಂದಾಗಿ ತಟ್ಟುತ್ತಾ ಕಾಲ ಕಳೆಯುತ್ತಿತ್ತು. ಇನ್ನೂ ಮುಖ್ಯವಾದದ್ದು ಇದು: ಟಾಕ್‌ಗ್ರೂಪ್ ನಂಬರು ನನ್ನ ಲಿಸ್ಟಿನಲ್ಲಿ ಇದ್ದ ಮಾತ್ರಕ್ಕೆ ಆ ಮಾತು ನನ್ನ ಟವರಿಗೆ ಬರುವುದಿಲ್ಲ. ಆ ಗುಂಪಿನ ಒಂದಾದರೂ ರೇಡಿಯೋ ನನ್ನ ಟವರಿನ ಕೆಳಗೆ ಬಂದು ಹೆಸರು ನೋಂದಾಯಿಸಿರಬೇಕು. ಆಗ ಮಾತ್ರ ವ್ಯವಸ್ಥೆ ಆ ಮಾತನ್ನು ಈ ಟವರಿಗೆ ಕಳಿಸುತ್ತದೆ. ಡುಲೂತಿನ ಪ್ಲೋ ಡ್ರೈವರಿನ ರೇಡಿಯೋ ಪ್ಲಿಮತ್‌ನಲ್ಲಿ ಯಾಕಿರುತ್ತದೆ? ಅಪ್ಪನ ಮಾತಿನಲ್ಲಿ ಹೇಳುವುದಾದರೆ ಇಳಿಯುವವರು ಇಲ್ಲದ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲುವುದಿಲ್ಲ.

ಎಲ್ಲ ಸೈಟು ಅಳಿಸಿದೆ. ನಮ್ಮ ಮನೆಗೆ ಚೆನ್ನಾಗಿ ಸಿಗುವ ಎರಡನ್ನು ಉಳಿಸಿಕೊಂಡೆ. ಸೈಟ್ ಹೋಲ್ಡ್ ಸಮಯ ಸೊನ್ನೆ ಇತ್ತು, ಎರಡು ಸೆಕೆಂಡ್ ಮಾಡಿದೆ, ಮಾತು ಶುರುವಾಗುವವರೆಗೆ ಸ್ವಲ್ಪ ನಿಂತು ನೋಡಲಿ ಅಂತ. ಗುಂಪುಗಳನ್ನು ಮೂರು ಭಾಗ ಮಾಡಿ ಒಂದೊಂದಕ್ಕೆ ಕ್ವಿಕ್ ಕೀ ಕೊಟ್ಟೆ. ಒಂದು ಒತ್ತಿದರೆ ಸಾರಿಗೆ ಇಲಾಖೆಯ ಪ್ಲೋಗಳು, ಎರಡಕ್ಕೆ ಊರಿನ ಫೈರ್, ಮೂರಕ್ಕೆ ಉಳಿದದ್ದು.

ಓಡಿಸಿದರೆ ಫೈರ್ ಬರುತ್ತಿದೆ, ಪ್ಲೋ ಬರುತ್ತಿಲ್ಲ. ಹೊರಗೆ ಹಿಮ ಸುರಿಯುತ್ತಿದೆ, ಕಿಟಕಿಯಲ್ಲಿ ಪ್ಲೋ ಗಾಡಿಯ ಹಳದಿ ದೀಪ ಕಾಣುತ್ತಿದೆ, ಸೆಟ್ಟಿನಲ್ಲಿ ಮಾತ್ರ ಒಂದು ಸೊಲ್ಲಿಲ್ಲ. ನಂಬರು ತಪ್ಪಿರಬಹುದು ಅಂತ ಮೂರು ಸಲ ನೋಡಿದೆ. ಸರಿ ಇತ್ತು. ಲಿಸ್ಟಿನ ಮಾನಿಟರ್ ಆನ್ ಇದೆಯಾ ನೋಡಿದೆ, ಇತ್ತು. ಜಾಗದ ಲೆಕ್ಕದಲ್ಲಿ ತಡೆಯುವ ಲೊಕೇಶನ್ ಕಂಟ್ರೋಲ್ ಆಫ್ ಇತ್ತು. ಎರಡನೇ ರಾತ್ರಿ ಸಿಕ್ಕಿತು. ಡೇಟಾಬೇಸಿನಲ್ಲಿ ಪ್ರತಿ ಗುಂಪಿಗೂ ಒಂದು ಸರ್ವಿಸ್ ಟೈಪ್ ಇರುತ್ತದೆ. ಫೈರ್ ಡಿಸ್ಪ್ಯಾಚ್, ಲಾ ಡಿಸ್ಪ್ಯಾಚ್, ಪಬ್ಲಿಕ್ ವರ್ಕ್ಸ್, ಹೀಗೆ. ನನ್ನ ಪ್ರೊಫೈಲಿನಲ್ಲಿ ಪಬ್ಲಿಕ್ ವರ್ಕ್ಸ್ ಮುಂದೆ ಟಿಕ್ ಇರಲಿಲ್ಲ. ಫೇವರಿಟ್ಸ್ ಲಿಸ್ಟಿಗೂ ಈ ಜರಡಿ ಅನ್ವಯಿಸುತ್ತದೆ. ಟಿಕ್ ಹಾಕಿ ಕಾರ್ಡಿಗೆ ಬರೆದು ಸೆಟ್ ಆನ್ ಮಾಡಿದ ಹತ್ತು ಸೆಕೆಂಡಿಗೆ ಒಬ್ಬ ಡ್ರೈವರಿನ ದನಿ ಬಂತು. ಉಪ್ಪು ಮುಗಿಯಿತು, ತುಂಬಿಸಿಕೊಳ್ಳಲು ಬರುತ್ತಿದ್ದೇನೆ ಅಂದ. ಅಷ್ಟೇ. ನನಗೆ ಕಣ್ಣು ಒದ್ದೆಯಾಯಿತು. ಮಲಗಿದ್ದ ಅಪ್ಪನನ್ನು ಎಬ್ಬಿಸಿ ಹೇಳಿದೆ.

ಆಮೇಲಿನದು ನಯ ಮಾಡುವ ಕೆಲಸ. ಪರದೆಯ ಮೇಲೆ ಡಿಕೋಡ್ ತಪ್ಪುಗಳ ಎಣಿಕೆ ತೋರಿಸುವ ಹಾಗೆ ಮಾಡಿಕೊಳ್ಳಬಹುದು. ಅದನ್ನು ಇಟ್ಟುಕೊಂಡು ಫಿಲ್ಟರ್ ಒಂದೊಂದಾಗಿ ಬದಲಾಯಿಸಿ ನೋಡಿದೆ. ನಾರ್ಮಲ್, ಇನ್ವರ್ಟ್, ವೈಡ್ ಇನ್ವರ್ಟ್. ಪ್ರತಿಯೊಂದರಲ್ಲಿ ಐದು ನಿಮಿಷ. ನಮ್ಮ ಮನೆಯಲ್ಲಿ ಇನ್ವರ್ಟ್ ಇಟ್ಟಾಗ ತಪ್ಪು ಕಡಿಮೆ. ನಿಮ್ಮ ಮನೆಯಲ್ಲಿ ಬೇರೆ ಇರಬಹುದು, ಕೂತು ನೋಡದೆ ಗೊತ್ತಾಗುವುದಿಲ್ಲ. ಒಳ್ಳೆಯ ಸೆಟ್ ಬಂದರೂ ನಾನು ಅದನ್ನು ಇಡುವುದು ಆ ಪೆನ್ಸಿಲ್ ಚೌಕದಲ್ಲೇ.

ಇನ್ನೊಂದು ಉಪಯೋಗದ ಕೆಲಸ ಐಡಿ ಸರ್ಚ್. ಐಡಿ ಸ್ಕ್ಯಾನ್‌ನಲ್ಲಿ ಇಟ್ಟರೆ ನೀವು ಹಾಕಿದ ಗುಂಪುಗಳು ಮಾತ್ರ. ಸರ್ಚ್‌ನಲ್ಲಿ ಇಟ್ಟರೆ ಆ ಟವರಿನಲ್ಲಿ ಬೀಗ ಇಲ್ಲದ, ಅಂದರೆ ಗುಟ್ಟಿನ ಸಂಕೇತಕ್ಕೆ ತಿರುಗಿಸದ, ಯಾವ ಮಾತು ಬಂದರೂ ನಂಬರ್ ಸಮೇತ ಬರುತ್ತದೆ. ಈ ಕೆಲಸ ಅಪ್ಪ ವಹಿಸಿಕೊಂಡರು. ನೋಟ್‌ಬುಕ್ಕಿನಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದು ಕಾಲಂ ಮಾಡಿದರು. ಸಮಯ, ನಂಬರು, ಯಾರಿಂದ, ಯಾರಿಗೆ, ಏನು ಮಾತು. ಮೂವತ್ತು ವರ್ಷ ಟ್ರೈನ್ ರಿಜಿಸ್ಟರ್ ಬರೆದ ಕೈ. ಅಮೆರಿಕದವರ ಇಂಗ್ಲಿಷು ಪೂರ್ತಿ ತಿಳಿಯದಿದ್ದರೂ ನಂಬರು ಮತ್ತು ಸಮಯ ಒಂದೂ ತಪ್ಪಿಲ್ಲ. ಒಂದು ವಾರದ ಪುಟಗಳನ್ನು ನೋಡಿದರೆ ಯಾವ ಗುಂಪು ಹಿಮ ಬಿದ್ದಾಗ ಮಾತ್ರ ಎಚ್ಚರವಾಗುತ್ತದೆ, ಯಾವುದು ಬೆಳಿಗ್ಗೆ ಶಾಲೆ ಹೊತ್ತಿಗೆ ಮಾತ್ರ ಅಂತ ಕಣ್ಣಿಗೇ ಕಾಣುತ್ತಿತ್ತು. ಅದನ್ನು ನೋಡಿ ನನ್ನ ಲಿಸ್ಟಿನಿಂದ ಹದಿನೆಂಟು ಗುಂಪು ತೆಗೆದೆ. ಈಗ ಉಳಿದಿರುವುದು ಒಂಬತ್ತು.

ಬೀಗದ ವಿಷಯ ಹೇಳಬೇಕು. ಪೊಲೀಸರ ಎಷ್ಟೋ ಗುಂಪುಗಳು ಈಗ ಎನ್‌ಕ್ರಿಪ್ಟ್ ಆಗಿವೆ. ಯಾವ ಸ್ಕ್ಯಾನರೂ ಅದನ್ನು ಬಿಡಿಸುವುದಿಲ್ಲ, ಬಿಡಿಸಲು ಹೋಗುವುದು ಅಪರಾಧ. ನನಗೆ ಅದರ ಬಗ್ಗೆ ದುಃಖ ಇಲ್ಲ. ಆಂಬುಲೆನ್ಸಿನ ಗುಂಪು ಬೀಗ ಇಲ್ಲದೆ ಸಿಗುತ್ತಿತ್ತು, ನಾನೇ ತೆಗೆದೆ. ಯಾರದೋ ಮನೆ ನಂಬರು, ಯಾರದೋ ಎದೆನೋವು. ಅದು ನನ್ನ ಅಡುಗೆಮನೆಗೆ ಬರಬೇಕಾದ ಮಾತಲ್ಲ. ಕೇಳಿದ್ದನ್ನು ಹೊರಗೆ ಹೇಳಿ ಲಾಭ ಮಾಡಿಕೊಳ್ಳುವುದು ಅಮೆರಿಕದ ಕಾನೂನಿಗೂ ಒಪ್ಪಿಗೆ ಇಲ್ಲ.

ಕಾರಿನಲ್ಲಿ ಒಯ್ಯುವವರಿಗೆ ಒಂದು ಮಾತು. ಮಿನ್ನೆಸೋಟದಲ್ಲಿ ಪೊಲೀಸ್ ಫ್ರೀಕ್ವೆನ್ಸಿ ಹಿಡಿಯುವ ಸೆಟ್ಟನ್ನು ಪರ್ಮಿಟ್ ಇಲ್ಲದೆ ಗಾಡಿಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಆ ಕಾರಣಕ್ಕೇ ನಾನು ಅದರ ಮೊದಲ ಹಂತದ ಟೆಕ್ನಿಶಿಯನ್ ಪರೀಕ್ಷೆ ಬರೆದೆ. 35 ಪ್ರಶ್ನೆ, 26 ಸರಿಯಾದರೆ ಪಾಸು. ಬೇರೆ ರಾಜ್ಯಗಳಲ್ಲಿ ಕಾನೂನು ಬೇರೆ, ನೋಡಿಕೊಳ್ಳಿ. ಊರಿಗೆ ಹೋಗುವಾಗ ಮಾತ್ರ ಸೂಟ್‌ಕೇಸಿಗೆ ಹಾಕಬೇಡಿ. ಭಾರತದಲ್ಲಿ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದಿಂದಲೂ ಇಂಥ ಸೆಟ್ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವುದು ಅಪರಾಧ. ಮನೆಯ ಮರ್ಫಿ ರೇಡಿಯೋಗೂ ಪೋಸ್ಟಾಫೀಸಿನಲ್ಲಿ ವರ್ಷಕ್ಕೊಮ್ಮೆ ದುಡ್ಡು ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಸೀಲು ಹಾಕಿಸುತ್ತಿದ್ದದ್ದು ಅಪ್ಪನಿಗೆ ಚೆನ್ನಾಗಿ ನೆನಪಿದೆ.

ಅಪ್ಪನಿಗೋಸ್ಕರ ಕೊನೆಗೆ ಇನ್ನೊಂದು ಸಣ್ಣ ಲಿಸ್ಟ್ ಮಾಡಿಕೊಟ್ಟೆ. ಇಲ್ಲಿನ ರೈಲಿನವರು ಹಳೆಯ ಪದ್ಧತಿಯಲ್ಲೇ, 160–161 ಮೆಗಾಹರ್ಟ್ಸ್ ಸುತ್ತ, ಟ್ರಂಕ್ ಇಲ್ಲದೆ ಮಾತಾಡುತ್ತಾರೆ. ಹಳಿ ಪಕ್ಕ ಅಲ್ಲಲ್ಲಿ ಯಂತ್ರಗಳಿವೆ. ಗೂಡ್ಸ್ ಗಾಡಿ ಹಾದುಹೋದ ಕೂಡಲೇ ಅದು ತಾನಾಗಿಯೇ ರೇಡಿಯೋದಲ್ಲಿ ಮೈಲಿ ನಂಬರು ಹೇಳಿ, ದೋಷವಿಲ್ಲ ಅಂತ ಹೇಳಿ, ಎಷ್ಟು ಆಕ್ಸಲ್ ಅಂತ ಲೆಕ್ಕ ಒಪ್ಪಿಸುತ್ತದೆ. ಅಪ್ಪ ಮೊದಲ ಸಲ ಕೇಳಿದಾಗ ಎದ್ದು ನಿಂತರು. ಹಸಿರು ಬಾವುಟ ಹಿಡಿದು ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು, ಹೋಗುವ ಪ್ರತಿ ಗಾಡಿಯ ಚಕ್ರದ ಕಡೆ ಬಗ್ಗಿ ನೋಡುತ್ತಿದ್ದದ್ದು ಅವರು. ಆಕ್ಸಲ್ ಕಾದು ಹೊಗೆ ಬರುತ್ತಿದೆಯಾ ಅಂತ. "ನನ್ನ ಕೆಲ್ಸ ಇದು ಮಾಡ್ತಾ ಇದೆ ನೋಡಮ್ಮ" ಅಂದರು.

ಜನವರಿಯ ಒಂದು ಬೆಳಿಗ್ಗೆ. ರಾತ್ರಿಯಿಡೀ ಹಿಮ, ಹೊರಗೆ ಸೊನ್ನೆಗಿಂತ ಎಷ್ಟೋ ಕೆಳಗೆ. ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಅಪ್ಪ ಟೋಪಿ ಹಾಕಿಕೊಂಡು ನೋಟ್‌ಬುಕ್ ಮುಂದೆ. ಒಂದನೇ ಕ್ವಿಕ್ ಕೀ ಮಾತ್ರ ಆನ್. ಹೈವೇ 55ರ ಮೇಲೆ ಒಂದು ಲಾರಿ ಅಡ್ಡ ನಿಂತಿದೆ ಅಂತ ಒಬ್ಬ ಹೇಳಿದ. ಅದನ್ನು ಎಳೆಯುವವರೆಗೆ ನಾನು ಈ ಕಡೆಯೇ ತಳ್ಳುತ್ತಿರುತ್ತೇನೆ ಅಂತ ಇನ್ನೊಬ್ಬ. ದನಿಯಲ್ಲಿ ಒಂದು ಚೂರು ಅವಸರ ಇಲ್ಲ. ಅಷ್ಟರಲ್ಲಿ ಫೋನ್. ನಮ್ಮ ಮನೆಯವರು ಆಸ್ಪತ್ರೆಯ ಪಾರ್ಕಿಂಗಿನಿಂದ.

"ಹೊರಟೆ ಕಣೇ."

"ರೀ, ಈಗ ಬೇಡ. ದಾರಿಯಲ್ಲಿ ಲಾರಿ ನಿಂತಿದೆ. ಇನ್ನೊಂದು ಟೀ ಕುಡೀರಿ. ಪ್ಲೋ ಈ ಕಡೆಯಿಂದ ಆ ಕಡೆಗೆ ಹೊರಟ ಮೇಲೆ ನಾನೇ ಫೋನ್ ಮಾಡ್ತೀನಿ."

ನಲವತ್ತು ನಿಮಿಷ ಆಯಿತು. ಲಾರಿ ಸರಿಯಿತು ಅಂತ ಮೊದಲನೆಯವ ಹೇಳಿದ. ಎರಡನೆಯವ ಬ್ಲೇಡ್ ಇಳಿಸಿ ಪಶ್ಚಿಮಕ್ಕೆ ಹೊರಟೆ ಅಂದ. ಫೋನ್ ಮಾಡಿದೆ. ಅವನ ಹಿಂದೆಯೇ, ಅವನು ತಳ್ಳಿದ ದಾರಿಯಲ್ಲೇ ಬಂದರಂತೆ. ಗ್ಯಾರೇಜಿನ ಬಾಗಿಲು ಏಳುವ ಸದ್ದು ಕೇಳಿದಾಗ ಅಪ್ಪ ಗಡಿಯಾರ ನೋಡಿದರು. ಕಾಲಂನಲ್ಲಿ 9.12 ಅಂತ ಬರೆದು, ಪಕ್ಕದಲ್ಲಿ ಅಳಿಯನ ಹೆಸರು ಬರೆದರು.